ಹಳೆಯ ಕ್ರೇ, ಹೊಸ ಡೆಸ್ಕ್‌ಟಾಪ್: ಹೋಲಿಕೆಯಲ್ಲಿ ಮೆಮೊರಿ ಬಿಟ್ಟುಹೋಗದಿರಲಿ

ಸಂಪಾದಕರಿಗೆ,

ಹಳೆಯ ಸೂಪರ್‌ಕಂಪ್ಯೂಟರಿನ ಚಿತ್ರ ಹಾಕಿ, ಇಂದಿನ ಡೆಸ್ಕ್‌ಟಾಪ್ ಅದಕ್ಕಿಂತ ಸಾವಿರಾರು ಪಟ್ಟು ಮುಂದಿದೆ ಎಂದು ಬರೆಯುವುದು ವಿಜ್ಞಾನ ಪುಟಗಳಲ್ಲಿ ವಾಡಿಕೆಯಾಗಿದೆ. ಲೆಕ್ಕ ಸುಳ್ಳಲ್ಲ, ಆದರೆ ಅರ್ಧ. ಪ್ರೊಸೆಸರ್ ಸೆಕೆಂಡಿಗೆ ಎಷ್ಟು ಬಾರಿ ಕೂಡಿ ಗುಣಿಸಬಲ್ಲದು ಎಂದಷ್ಟೇ ಹೇಳಿ, ಅದಕ್ಕೆ ಬೇಕಾದ ಸಂಖ್ಯೆಗಳನ್ನು ಮೆಮೊರಿ ಎಷ್ಟು ಬೇಗ ಒದಗಿಸುತ್ತದೆ ಎಂಬುದನ್ನು ಬಿಟ್ಟರೆ, ಕಂಪ್ಯೂಟರ್ ಕಲಿಯುತ್ತಿರುವವರಿಗೆ ತಪ್ಪು ಕಲ್ಪನೆ ಮೂಡುತ್ತದೆ.

ಸೀಮೋರ್ ಕ್ರೇ ವಿನ್ಯಾಸಗೊಳಿಸಿದ ಕ್ರೇ-1 ಸೂಪರ್‌ಕಂಪ್ಯೂಟರನ್ನೇ ನೋಡೋಣ. ಮೊದಲನೆಯದು 1976ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಹೋಯಿತು. ಅದರ ಗಡಿಯಾರ 80 ಮೆಗಾಹರ್ಟ್ಸ್, ಅಂದರೆ ಒಂದು ಮಿಡಿತಕ್ಕೆ 12.5 ನ್ಯಾನೊಸೆಕೆಂಡ್. ಕೂಡುವ ಘಟಕ, ಗುಣಿಸುವ ಘಟಕ ಎರಡೂ ಒಟ್ಟಿಗೆ ದುಡಿದರೆ ಸೆಕೆಂಡಿಗೆ 16 ಕೋಟಿ ಲೆಕ್ಕ. ಮೆಮೊರಿ ಹೆಚ್ಚೆಂದರೆ 8 ಮೆಗಾಬೈಟ್, ಆದರೆ ಅದನ್ನು 16 ಬ್ಯಾಂಕುಗಳಲ್ಲಿ, ಅಂದರೆ ಬೇರೆ ಬೇರೆಯಾಗಿ ದುಡಿಯುವ ಭಾಗಗಳಲ್ಲಿ, ಹಂಚಿದ್ದರು. ಒಂದು ಬ್ಯಾಂಕ್ ಮತ್ತೆ ಸಿದ್ಧವಾಗಲು 4 ಮಿಡಿತ ಬೇಕು. ಅಕ್ಕಪಕ್ಕದ ಪದಗಳು (ಒಂದು ಪದವೆಂದರೆ ಮೆಮೊರಿಯಲ್ಲಿನ ಒಂದು ಸಂಖ್ಯೆ, 8 ಬೈಟ್) ಬೇರೆ ಬೇರೆ ಬ್ಯಾಂಕಿನಲ್ಲಿರುವುದರಿಂದ ಪ್ರತಿ ಮಿಡಿತಕ್ಕೂ 64 ಬಿಟ್‌ನ ಒಂದು ಪದ ಬರುತ್ತಿತ್ತು. ಸೆಕೆಂಡಿಗೆ 64 ಕೋಟಿ ಬೈಟ್. ಹೀಗೆ ಒಂದು ಲೆಕ್ಕಕ್ಕೆ 4 ಬೈಟ್ ಸಿಕ್ಕಂತಾಯಿತು. ಹದಿನಾರು ಪದಕ್ಕೊಮ್ಮೆ ಹಾರಿ ಓದುವ ಪ್ರೋಗ್ರಾಮ್ ಬರೆದರೆ ಮಾತ್ರ ಎಲ್ಲವೂ ಒಂದೇ ಬ್ಯಾಂಕಿಗೆ ಬಿದ್ದು ವೇಗ ಕಾಲುಭಾಗಕ್ಕೆ ಇಳಿಯುತ್ತಿತ್ತು.

ಇನ್ನು 8 ಕೋರ್‌ಗಳ (ಪ್ರೊಸೆಸರಿನೊಳಗಿನ ಲೆಕ್ಕದ ಘಟಕಗಳ) ಡೆಸ್ಕ್‌ಟಾಪ್. ಪ್ರತಿ ಕೋರ್ ಒಂದು ಮಿಡಿತಕ್ಕೆ 64 ಬಿಟ್‌ನ 16 ಲೆಕ್ಕ ಮಾಡುತ್ತದೆ, ಗಡಿಯಾರ 4 ಗಿಗಾಹರ್ಟ್ಸ್ ಎಂದಿಟ್ಟುಕೊಂಡರೆ ಒಟ್ಟು ಸೆಕೆಂಡಿಗೆ 51,200 ಕೋಟಿ. ಕ್ರೇ-1ರ 3,200 ಪಟ್ಟು! ಆದರೆ ಡಿಡಿಆರ್5-5600 ಮೆಮೊರಿಯ ಎರಡು ಚಾನೆಲ್ (ಮೆಮೊರಿಯಿಂದ ಪ್ರೊಸೆಸರಿಗೆ ಇರುವ ದಾರಿ) ಸೇರಿ ಕೊಡುವುದು ಹೆಚ್ಚೆಂದರೆ ಸೆಕೆಂಡಿಗೆ 8,960 ಕೋಟಿ ಬೈಟ್. ಇದು ಕ್ರೇ-1ರ 140 ಪಟ್ಟು ಅಷ್ಟೇ. ಒಂದು ಲೆಕ್ಕಕ್ಕೆ ಸಿಗುವುದು 0.175 ಬೈಟ್. ಒಂದು ಉದ್ದನೆಯ ಪಟ್ಟಿಯ ಪ್ರತಿ ಸಂಖ್ಯೆಯನ್ನೂ ಸ್ಥಿರಾಂಕದಿಂದ ಗುಣಿಸಿ, ಇನ್ನೊಂದು ಪಟ್ಟಿಗೆ ಕೂಡಿ, ಮೂರನೆಯದರಲ್ಲಿ ಬರೆಯಿರಿ: ಎರಡು ಲೆಕ್ಕಕ್ಕೆ ತಲಾ 8 ಬೈಟ್‌ನ ಮೂರು ಸಂಖ್ಯೆ, ಒಟ್ಟು 24 ಬೈಟ್ ಓಡಾಟ. ಕ್ರೇ-1 ಇಲ್ಲಿ ತನ್ನ ಗರಿಷ್ಠ ವೇಗದ ಮೂರನೇ ಒಂದು ಭಾಗ ಮುಟ್ಟುತ್ತದೆ, ಡೆಸ್ಕ್‌ಟಾಪ್ ನೂರಕ್ಕೆ ಒಂದೂವರೆ ಭಾಗ. ಕಾಯುವ ಸಮಯವಂತೂ ಅಚ್ಚರಿ ಹುಟ್ಟಿಸುತ್ತದೆ. ಕ್ರೇ-1ರಲ್ಲಿ ಮೆಮೊರಿಯಿಂದ ಒಂದು ಪದ ಬರಲು 11 ಮಿಡಿತ, 137.5 ನ್ಯಾನೊಸೆಕೆಂಡ್, ಈಗಿನ ಡೆಸ್ಕ್‌ಟಾಪಿನಲ್ಲಿ ಕ್ಯಾಶ್‌ನಲ್ಲಿ (ಪ್ರೊಸೆಸರಿನೊಳಗಿನ ಚಿಕ್ಕ, ವೇಗದ ಮೆಮೊರಿಯಲ್ಲಿ) ಸಿಗದ ಪದಕ್ಕೆ ಸುಮಾರು 70ರಿಂದ 100 ನ್ಯಾನೊಸೆಕೆಂಡ್.

ದೊಡ್ಡ ಮ್ಯಾಟ್ರಿಕ್ಸ್‌ಗಳ ಗುಣಾಕಾರದಂಥ ಕೆಲಸದಲ್ಲಿ, ತಂದ ಸಂಖ್ಯೆಯನ್ನು ಕ್ಯಾಶ್‌ನಲ್ಲಿಟ್ಟು ಹತ್ತಾರು ಬಾರಿ ಬಳಸಬಹುದಾದ್ದರಿಂದ, ಮೂರು ಸಾವಿರ ಪಟ್ಟಿನ ಮಾತು ಹತ್ತಿರ ಹತ್ತಿರ ನಿಜವಾಗುತ್ತದೆ. ವಿದ್ಯುತ್ತಿನ ವಿಚಾರದಲ್ಲೂ ಡೆಸ್ಕ್‌ಟಾಪಿಗೇ ಜಯ: ಕ್ರೇ-1ಕ್ಕೆ ಸುಮಾರು 115 ಕಿಲೊವಾಟ್ ಬೇಕಿತ್ತು, ತಂಪು ಮಾಡುವ ಖರ್ಚು ಬೇರೆ.

ಗ್ರಾಫಿಕ್ಸ್ ಕಾರ್ಡ್‌ಗಳನ್ನು ಹೋಲಿಸುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ಎನ್‌ವಿಡಿಯಾ ಆರ್‌ಟಿಎಕ್ಸ್ 4090ರ ವೇಗ ಸುಮಾರು 82 ಟೆರಾಫ್ಲಾಪ್ಸ್ (ಒಂದು ಟೆರಾಫ್ಲಾಪ್ಸ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ), 2002ರ ಜಪಾನಿನ ಅರ್ತ್ ಸಿಮ್ಯುಲೇಟರ್ ಎಂಬ ಸೂಪರ್‌ಕಂಪ್ಯೂಟರ್ ಲಿನ್‌ಪ್ಯಾಕ್ ಎಂಬ ವೇಗ ಪರೀಕ್ಷೆಯಲ್ಲಿ ಮುಟ್ಟಿದ್ದು 35.86. “ಹಾಗಾಗಿ ಒಂದೇ ಕಾರ್ಡ್ ಅದನ್ನು ಸೋಲಿಸಿತು” ಎಂದು ಬರೆದರೆ ತಪ್ಪು. ಕಾರ್ಡಿನ ಅಂಕಿ 32 ಬಿಟ್‌ನದು, ಲಿನ್‌ಪ್ಯಾಕ್‌ನದು 64 ಬಿಟ್‌ನದು. ಆ ಕಾರ್ಡಿನಲ್ಲಿ 64 ಬಿಟ್ ವೇಗ 64ರಲ್ಲಿ ಒಂದು ಪಾಲು, ಅಂದರೆ ಸುಮಾರು 1.3 ಟೆರಾಫ್ಲಾಪ್ಸ್. ಅರ್ತ್ ಸಿಮ್ಯುಲೇಟರಿನ 5,120 ಪ್ರೊಸೆಸರ್‌ಗಳಲ್ಲಿ ಒಂದೊಂದಕ್ಕೂ ಸೆಕೆಂಡಿಗೆ 32 ಗಿಗಾಬೈಟ್ ಮೆಮೊರಿ ಹರಿವು ಇತ್ತು, ಒಟ್ಟು 160 ಟೆರಾಬೈಟಿಗೂ ಮಿಗಿಲು; ಕಾರ್ಡಿನದು ಸುಮಾರು 1 ಟೆರಾಬೈಟ್. ಹವಾಮಾನದ ಮಾದರಿಗಳಿಗೆ ಬೇಕಿದ್ದುದು ಈ ಹರಿವೇ.

ಆದ್ದರಿಂದ ಇಂಥ ಲೇಖನ ಅಚ್ಚಿಸುವಾಗ 64 ಬಿಟ್ ವೇಗ, ಮೆಮೊರಿಯ ಗಾತ್ರ, ಮೆಮೊರಿಯ ಹರಿವು ಮೂರನ್ನೂ ಕೊಡಬೇಕೆಂದು ಕೋರುತ್ತೇವೆ. ತಮ್ಮ ಯಂತ್ರವನ್ನು ಅಳೆಯಬಯಸುವ ಓದುಗರಿಗೆ ಮೆಮೊರಿಯ ಹರಿವನ್ನು ಅಳೆಯುವ ಸ್ಟ್ರೀಮ್ ಎಂಬ ಉಚಿತ ಪ್ರೋಗ್ರಾಮ್ ಇದೆ. ಅದರಲ್ಲಿ ಪ್ರತಿ ಅರೇ (ಸಂಖ್ಯೆಗಳ ಪಟ್ಟಿ) ಕೊನೆಯ ಹಂತದ ಕ್ಯಾಶ್‌ಗಿಂತ ಕನಿಷ್ಠ 4 ಪಟ್ಟು ದೊಡ್ಡದಿರಲಿ. 32 ಮೆಗಾಬೈಟ್ ಕ್ಯಾಶ್ ಇದ್ದರೆ 2 ಕೋಟಿ ಸಂಖ್ಯೆಗಳು ಸಾಕು. ಚಿಕ್ಕದಾದರೆ ಕ್ಯಾಶ್‌ನ ವೇಗವೇ ಮೆಮೊರಿಯ ವೇಗದಂತೆ ಕಾಣುತ್ತದೆ. ಎಲ್ಲ ಕೋರ್‌ಗಳನ್ನೂ ದುಡಿಸುವ ಓಪನ್‌ಎಂಪಿ ಆಯ್ಕೆ ಇಲ್ಲದೆ ಕಂಪೈಲ್ ಮಾಡಿದರೆ ಒಂದೇ ಕೋರ್ ದುಡಿಯುತ್ತದೆ. ಫಲಿತಾಂಶ ನಿರೀಕ್ಷೆಯ ಅರ್ಧದಷ್ಟಿದ್ದರೆ ಮೆಮೊರಿ ಪಟ್ಟಿ (ರ‍್ಯಾಮ್ ಸ್ಟಿಕ್) ಒಂದೇ ಇರಬಹುದು, ಇಲ್ಲವೇ ಎರಡೂ ಒಂದೇ ಚಾನೆಲ್‌ನಲ್ಲಿ ಕೂತಿರಬಹುದು. ಮದರ್‌ಬೋರ್ಡ್ ಕೈಪಿಡಿ ನೋಡಿ ಸ್ಲಾಟ್ ಬದಲಿಸಿ. ಸ್ವಲ್ಪವೇ ಕಡಿಮೆಯಿದ್ದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ) ಮೆಮೊರಿಯನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಮೆಮೊರಿ ಪ್ರೊಫೈಲ್ ಆನ್ ಆಗಿದೆಯೇ ಪರೀಕ್ಷಿಸಿ.

ಇಂತಿ,
ನಿಮ್ಮ ಓದುಗರು