ಎಡ್ಜ್‌ವೇರ್‌ಗೆ ಹೊರಟವರು

ಪ್ರಿಯ ಗಪ್ಪತಿ,

ನೀನು ಕೇಳುತ್ತಲೇ ಇರುವ ಕೊಡೆಯ ಸಂಗತಿಯನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ನೀನು ಕೇಳಿದ ಲಂಡನ್ನಿನ ನೆಲದಡಿಯ ರೈಲಿನ ವಿಷಯ. ರೈಲು ಹಿಡಿಯಲು ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಬೇಕಾದ ಶಿರಸಿಯಿಂದ ಬಂದವನಿಗೆ, ಎರಡು ಮೂರು ನಿಮಿಷಕ್ಕೊಂದು ರೈಲು ಬರುವುದನ್ನು ನಂಬಲೇ ಒಂದು ವಾರ ಬೇಕಾಯಿತು. ಇಲ್ಲಿ ಕಂಡಕ್ಟರನಿಲ್ಲ. ಒಳಗೆ ಹೋಗುವಾಗ ಗೇಟಿಗೆ ಕಾರ್ಡು ಮುಟ್ಟಿಸಬೇಕು, ಹೊರಗೆ ಬರುವಾಗ ಮತ್ತೆ ಮುಟ್ಟಿಸಬೇಕು; ಎರಡನೆಯದನ್ನು ಮರೆತರೆ ನಾವು ಎಲ್ಲಿ ಇಳಿದೆವೆಂದು ಯಂತ್ರಕ್ಕೆ ತಿಳಿಯದೆ ಅದು ಅತಿ ಹೆಚ್ಚಿನ ದರವನ್ನೇ ಮುರಿದುಕೊಳ್ಳುತ್ತದೆ. ನಮ್ಮ ಬಸ್ಸಿನಲ್ಲಿ ಬೋರ್ಡು ನೋಡದೆ ಹತ್ತಿ ಕುಳಿತರೂ ಕಂಡಕ್ಟರು ಹತ್ತಿರ ಬಂದು ‘ಎಲ್ಲಿಗೆ?’ ಎಂದು ಕೇಳುತ್ತಾನೆ, ತಪ್ಪಿ ಹತ್ತಿದವರನ್ನು ಸೀಟಿ ಊದಿ ಇಳಿಸಿಯೂ ಕೊಡುತ್ತಾನೆ. ಇಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ನಾನು ದಿನವೂ ಹಿಡಿಯುವ ನಾರ್ದರ್ನ್ ಲೈನಿನಲ್ಲಿ ಹಾಗೆ ಕೇಳುವವರೊಬ್ಬರು ನಿಜಕ್ಕೂ ಬೇಕು. ನಕ್ಷೆಯಲ್ಲಿ ಅದು ಕಪ್ಪು ಗೆರೆ. ಹ್ಯಾರಿ ಬೆಕ್ ಎಂಬ ನಕ್ಷೆಗಾರ 1931ರಲ್ಲಿ ರೂಪಿಸಿ, 1933ರಲ್ಲಿ ಅಚ್ಚಾದ ಮಾದರಿಯನ್ನೇ ಇಂದಿಗೂ ಅನುಸರಿಸುತ್ತಿದ್ದಾರೆ: ದೂರದ ಅಳತೆಯನ್ನು ಕೈಬಿಟ್ಟು, ಗೆರೆಗಳನ್ನು ನೆಟ್ಟಗೆ ಇಲ್ಲವೇ 45 ಡಿಗ್ರಿ ಓರೆಯಾಗಿ ಎಳೆದು, ಯಾವುದು ಎಲ್ಲಿ ಕೂಡುತ್ತದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಉತ್ತರಕ್ಕೆ ಹೋಗುವ ಆ ಕಪ್ಪು ಗೆರೆ ಕ್ಯಾಮ್ಡೆನ್ ಟೌನಿನಲ್ಲಿ ಕವಲೊಡೆದು ಒಂದು ಎಡ್ಜ್‌ವೇರ್‌ಗೂ ಇನ್ನೊಂದು ಹೈ ಬಾರ್ನೆಟ್‌ಗೂ ಹೋಗುತ್ತದೆ. ಅದಕ್ಕೂ ಹಿಂದಿನ ನಿಲ್ದಾಣಗಳಲ್ಲಿ ಎರಡೂ ಒಂದೇ ಪ್ಲಾಟ್‌ಫಾರ್ಮಿಗೆ ಬರುತ್ತವೆ. ರೈಲಿನ ಮುಂಭಾಗದ ಹೆಸರನ್ನು ಓದದೆ ಹತ್ತಿದ ನಾನು ಮೊದಲ ವಾರವೇ, ಮನೆಯಿರುವ, ಹೈ ಬಾರ್ನೆಟ್ ಕವಲಿನ ಆರ್ಚ್‌ವೇ ಬದಲು ಎಡ್ಜ್‌ವೇರ್ ಕವಲಿನ ಗೋಲ್ಡರ್ಸ್ ಗ್ರೀನಿನಲ್ಲಿ ಇಳಿದಿದ್ದೆ.

ಕಳೆದ ಗುರುವಾರ ಸಂಜೆ ನನ್ನ ಎದುರಿನ ಸೀಟಿನಲ್ಲಿ ವಯಸ್ಸಾದ ಗಂಡ ಹೆಂಡತಿ ಕುಳಿತಿದ್ದರು. ಅಮ್ಮನ ತೊಡೆಯ ಮೇಲೆ ಬಟ್ಟೆ ಚೀಲ, ಅದರ ಬಾಯಿಯಲ್ಲಿ ಬಾಳೆಪಟ್ಟೆಯ ಹಗ್ಗದಿಂದ ಕಟ್ಟಿದ ಹಲಸಿನ ಹಪ್ಪಳ. ರೈಲು ಅಲುಗಿದಾಗಲೆಲ್ಲ ಹಪ್ಪಳ ಮುರಿಯದಂತೆ ಎರಡೂ ಅಂಗೈಯನ್ನು ಅಡ್ಡ ಹಿಡಿಯುತ್ತಿದ್ದರು. ‘ಎಡ್ಜ್‌ವೇರ್ ಕಡೇ ಸ್ಟೇಷನ್ನಡ, ಕಡೇವರೆಗೂ ಕೂತ್ಕಂಡಿದ್ರಾತು’ ಎಂದು ಯಜಮಾನರು ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾವು ಕುಳಿತಿದ್ದು ಹೈ ಬಾರ್ನೆಟ್ ರೈಲು. ಕ್ಯಾಮ್ಡೆನ್ ಟೌನ್ ಇನ್ನೂ ಬಂದಿರಲಿಲ್ಲ. ‘ಮುಂದಿನ ನಿಲ್ದಾಣದಲ್ಲಿ ಇಳಿದು ರೈಲು ಬದಲಿಸಿ’ ಎಂಬ ಒಂದು ಮಾತು ಸಾಕಿತ್ತು. ನಾನು ಹೇಳಲಿಲ್ಲ. ಕ್ಯಾಮ್ಡೆನ್ ಟೌನಿನಲ್ಲಿ ಬಾಗಿಲು ತೆರೆಯಿತು, ಮುಚ್ಚಿತು. ಆರ್ಚ್‌ವೇಯಲ್ಲಿ ನಾನು ಇಳಿದೆ. ಅವರು ಕುಳಿತೇ ಇದ್ದರು.

ಇಲ್ಲಿ ಗುರುತಿಲ್ಲದವರೊಡನೆ ಯಾರೂ ಮಾತನಾಡುವುದಿಲ್ಲ ಎಂದು ಅಂದು ರಾತ್ರಿ ನನಗೆ ನಾನೇ ಹೇಳಿಕೊಂಡೆ. ಅದು ಕಾರಣವಲ್ಲ, ಗಪ್ಪತಿ. ನಾನು ಬಾಯಿ ತೆರೆದಿದ್ದರೆ ಆ ಅಮ್ಮ ‘ಯಾರ ಮನೆ ಮಾಣಿ?’ ಎಂದು ಕೇಳುತ್ತಿದ್ದರು, ಅಪ್ಪನ ಹೆಸರು ಹೇಳಬೇಕಾಗುತ್ತಿತ್ತು, ಹೇಳಿದ ಮೇಲೆ ಅಪ್ಪನ ವರ್ಷಾಂತದ ಶ್ರಾದ್ಧ ಆಯಿತೇ, ನೀನು ಹೋಗಿದ್ದೆಯೇ ಎಂಬ ಮಾತು ಬಂದೇ ಬರುತ್ತಿತ್ತು. ರಜೆ ಸಿಗಲಿಲ್ಲವೆಂದು ನಿನಗೆ ಬರೆದಿದ್ದೆನಲ್ಲ? ರಜೆ ಸಿಕ್ಕಿತ್ತು. ತಮ್ಮ ವಿಧಿಗೆ ಕುಳಿತ, ನೀನು ನಿಂತು ಬಂದವರ ಊಟ ನೋಡಿಕೊಂಡೆ. ನಾನು ಹತ್ತು ದಿನ ರಜೆ ಹಾಕಿ ಈ ಕೋಣೆಯಲ್ಲೇ ಇದ್ದೆ. ಅಪ್ಪನಿಲ್ಲದ ಆ ಜಗಲಿಯನ್ನು ಹತ್ತುವ ಧೈರ್ಯವಾಗಲಿಲ್ಲ.

ನಾನು ರೈಲು ಹತ್ತುವ ಎಂಬ್ಯಾಂಕ್‌ಮೆಂಟಿನ ಪ್ಲಾಟ್‌ಫಾರ್ಮಿನಲ್ಲಿ ‘ಮೈಂಡ್ ದ ಗ್ಯಾಪ್’, ಅಂದರೆ ರೈಲಿನ ಪಕ್ಕದ ಸಂದು ನೋಡಿ ಕಾಲಿಡಿ, ಎಂದು ಎಚ್ಚರಿಸುವ ದನಿ ಆಸ್ವಾಲ್ಡ್ ಲಾರೆನ್ಸ್ ಎಂಬ ನಟನದು. ಅವರು 2007ರಲ್ಲಿ ತೀರಿಕೊಂಡರು. ಆಮೇಲೂ ಅವರ ಹೆಂಡತಿ ಆ ದನಿ ಕೇಳಲೆಂದೇ ಅಲ್ಲಿಗೆ ಬಂದು ಕೂರುತ್ತಿದ್ದರಂತೆ. ಹೊಸ ಧ್ವನಿಮುದ್ರಣ ಬಂದು ಅದು ನಿಂತಾಗ ಅವರು ಕೇಳಿಕೊಂಡರು. 2013ರಲ್ಲಿ ಆ ಒಂದು ಪ್ಲಾಟ್‌ಫಾರ್ಮಿಗೆ ಅದನ್ನು ಮರಳಿ ತಂದರು. ದಿನವೂ ಕೇಳುತ್ತೇನೆ. ನನ್ನ ಫೋನಿನಲ್ಲಿ ಅಪ್ಪ ಕಳಿಸಿದ ಧ್ವನಿ ಸಂದೇಶಗಳು ಹನ್ನೊಂದು ಇವೆ, ಒಂದನ್ನೂ ಒತ್ತಿಲ್ಲ.

ಇಷ್ಟನ್ನು ಬರೆಯಬೇಕೆಂದು ಕುಳಿತವನಲ್ಲ, ಅದೂ ನಾಲ್ಕು ಜನ ಓದುವ ಪತ್ರದಲ್ಲಿ. ಬರೆದದ್ದನ್ನು ಅಳಿಸುವುದಿಲ್ಲ. ತಮ್ಮನಿಗೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ನೀನು ಹೇಳಬೇಡ. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಬರುತ್ತೇನೆ. ಕುಮಟೆ ಸ್ಟೇಷನ್ನಿಗೆ ನೀನೇ ಬಾ, ಘಟ್ಟ ಹತ್ತುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು.

ಇನ್ನು ಕೊಡೆ. ಅದು ನನ್ನ ಹತ್ತಿರ ಇಲ್ಲವೆಂದು ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಸಿದ್ದಾಪುರದ ಅತ್ತೆಯನ್ನೇ ಕೇಳು.

ನಿನ್ನ,
ದೊಡ್ಡಮಾಣಿ