ಮಗಳಿಗೊಂದು ಪತ್ರ: ಹದಿನಾಲ್ಕನೆಯ ಪ್ರಶ್ನೆ

ಕಲಘಟಗಿ
ಗುರುವಾರ ರಾತ್ರಿ

ಮಗಳೇ,

ಭಾನುವಾರ ನೀನು ತಟ್ಟೆ ಮುಂದಿನಿಂದ ಎದ್ದು ಹೋದೆ. ಕಟ್ಟಿಟ್ಟ ಬುತ್ತಿ ಇಲ್ಲೇ ಉಳಿಯಿತು. ಆ ರೊಟ್ಟಿಗಳನ್ನು ಎರಡು ದಿನ ನಾನೇ ತಿಂದೆ. ನಿನ್ನ ಅವ್ವ ನನಗೆ ಬೇರೆ ಏನನ್ನೂ ಬಡಿಸಲಿಲ್ಲ. ಯಾರು ಏನು ಅಂದರು ಎಂಬುದು ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಯಲ್ಲಾಪುರದ ಆಚೆ ಮೊಬೈಲ್ ಸಿಗುವುದಿಲ್ಲ ಎಂದು ನೀನೇ ಹೇಳಿದ್ದೆ. ಸಿಕ್ಕರೂ ನನ್ನ ಕರೆಯನ್ನು ಎತ್ತುವವಳಲ್ಲ ನೀನು. ಅದಕ್ಕೇ ಈ ಕಾಗದ.

ಸಿಟ್ಟಿನಲ್ಲಿ ನೀನು ಒಂದು ಕಟ್ಟು ಪ್ರಶ್ನಾವಳಿಯನ್ನು ಗಲ್ಲಾ ಪೆಟ್ಟಿಗೆಯ ಮೇಲೆ ಬಿಟ್ಟು ಹೋಗಿದ್ದೀಯ. ಸಿದ್ದಿ ಮತ್ತು ಗೌಳಿ ಕುಟುಂಬಗಳ ಆರ್ಥಿಕ, ಸಾಮಾಜಿಕ ಸ್ಥಿತಿಗತಿಯ ತೌಲನಿಕ ಅಧ್ಯಯನ ಎಂದು ಮೇಲೆ ಅಚ್ಚು ಹಾಕಿಸಿದ್ದೀಯ. ಇಬ್ಬರೂ ನಮ್ಮ ಘಟ್ಟದ ಕಾಡಿನ ಜನ, ಗೌಳಿಗರು ಎಮ್ಮೆ ಸಾಕುವವರು, ಸಿದ್ದಿಗಳು ಆಫ್ರಿಕಾದ ಮೂಲದವರು. ಓದಿದೆ. ಮೂವತ್ತು ವರ್ಷ ಖಾನಾವಳಿಯ ಗಲ್ಲಾದ ಮುಂದೆ ಕೂತವನಿಗೆ ಎದುರಿಗಿರುವ ಕಾಗದವನ್ನು ಓದದೆ ಇರಲು ಆಗುವುದಿಲ್ಲ. ಒಟ್ಟು 42 ಪ್ರಶ್ನೆ. ಮನೆಯ ಮಾಡು ಹಂಚಿನದೋ ಹುಲ್ಲಿನದೋ, ದನಕರು ಎಷ್ಟು, ಶಾಲೆ ಎಷ್ಟು ದೂರ, ಶೌಚಾಲಯ ಇದೆಯೇ. ಒಂದೊಂದಕ್ಕೂ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುತ್ತ ಹೋದೆ, ಎರಡೂ ಜನರ ಪರವಾಗಿ. ಎಲ್ಲ ಬಲ್ಲೆ ಎಂಬ ಗತ್ತು ನೋಡು. ಹದಿನಾಲ್ಕನೆಯದಕ್ಕೆ ಬಂದು ನಿಂತುಬಿಟ್ಟೆ.

‘ತುರ್ತಿಗೆ ಹಣ ಬೇಕಾದಾಗ ಯಾರ ಬಳಿ ಹೋಗುತ್ತೀರಿ? ಅವರು ಕೊಡುತ್ತಾರೆಯೇ?’

ಗೌಳಿಗರು ನನ್ನ ಬಳಿ ಬರುತ್ತಿದ್ದರು, ಕೊಡುತ್ತಿದ್ದೆ. ಸಿದ್ದಿಗಳಲ್ಲಿ ಒಬ್ಬಳು ಒಮ್ಮೆ ಬಂದಿದ್ದಳು.

ನಿನಗೆ ಆಗ ಐದು ವರ್ಷ. 2006ರ ಮಳೆಗಾಲ. ಅವಳು ನಮಗೆ ಸೌದೆ ತರುತ್ತಿದ್ದವಳು. ಹಿತ್ತಿಲ ಬಾಗಿಲಲ್ಲಿ ಹೊರೆ ಇಳಿಸಿ, ಸಿಂಬಿ ಬಿಚ್ಚಿ ಅದರಿಂದಲೇ ಮುಖ ಒರೆಸಿಕೊಳ್ಳುತ್ತಿದ್ದಳು. ಚಹಾ ಕೊಡುತ್ತಿದ್ದೆವು. ಯಾವ ಲೋಟದಲ್ಲಿ ಎಂದು ನೀನು ಭಾನುವಾರ ಕೇಳಿದೆ, ನಾನು ಉತ್ತರ ಕೊಡಲಿಲ್ಲ. ಹಿತ್ತಿಲ ಗೋಡೆಯ ಗೂಡಿನಲ್ಲಿ ಇಟ್ಟಿದ್ದ ಲೋಟದಲ್ಲಿ. ಕುಡಿದು, ತೊಳೆದು, ಅವಳೇ ಮತ್ತೆ ಗೂಡಿನಲ್ಲಿ ಇಡುತ್ತಿದ್ದಳು. ಹಾಲು ತರುವ ಗೌಳಿಗ ಮುಂದಿನ ಬಾಗಿಲಿನಿಂದ ಬಂದು, ಬೆಂಚಿನ ಮೇಲೆ ಕೂತು, ಗಿರಾಕಿಗಳ ಲೋಟದಲ್ಲೇ ಕುಡಿಯುತ್ತಿದ್ದ. ಇದನ್ನು ಯಾರೂ ಕೂತು ನಿರ್ಧರಿಸಿದ್ದಲ್ಲ. ನನ್ನ ಅಪ್ಪನ ಕಾಲದಿಂದ ಹಾಗೇ ನಡೆದಿತ್ತು, ನಾನು ನಡೆಸಿಕೊಂಡು ಹೋದೆ. ಈ ವಾಕ್ಯ ಬರೆಯುವಾಗಲೇ ಇದು ನೆಪ ಎಂದು ನನಗೆ ತಿಳಿಯುತ್ತಿದೆ. ಹೊಡೆದು ಹಾಕುವುದಿಲ್ಲ, ಇರಲಿ.

ಅವತ್ತು ಅವಳು ಸೌದೆ ತಂದಿರಲಿಲ್ಲ, ಬರಿಗೈಯಲ್ಲಿ ಬಂದಿದ್ದಳು. ಮಗುವಿಗೆ ನಾಲ್ಕು ದಿನದಿಂದ ಜ್ವರ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಒಯ್ಯಬೇಕು, ಐನೂರು ರೂಪಾಯಿ ಕೊಡಿ, ಸೌದೆಯಲ್ಲಿ ಮುರಿದುಕೊಳ್ಳಿ ಎಂದಳು. ಅವರ ಕೊಂಕಣಿ ಬೆರೆತ ಕನ್ನಡದಲ್ಲಿ ಎರಡು ಸಲ ಹೇಳಿದಳು, ನನಗೆ ಅರ್ಥವಾಗಲಿಲ್ಲ ಎಂದುಕೊಂಡು. ಅರ್ಥವಾಗಿತ್ತು. ಈ ಜನಕ್ಕೆ ಕೊಟ್ಟರೆ ವಾಪಸು ಬರುತ್ತದೆಯೇ, ನಾಳೆ ಕಾಡಿನಲ್ಲಿ ಎಲ್ಲಿ ಹುಡುಕಲಿ ಎಂದು ಲೆಕ್ಕ ಹಾಕುತ್ತಿದ್ದೆ. ಇವತ್ತು ಗಲ್ಲಾದಲ್ಲಿ ಇಲ್ಲ, ನಾಳೆ ಬಾ ಎಂದೆ. ಅವಳು ಗಲ್ಲಾದ ಕಡೆ ನೋಡಲಿಲ್ಲ, ನನ್ನ ಮುಖವನ್ನು ನೋಡಿದಳು. ಹೋದಳು.

ಅದೇ ದಿನ ಸಂಜೆ ಗೌಳಿಗ ಬಂದು ಎಮ್ಮೆ ಕೊಳ್ಳಲು ಎರಡು ಸಾವಿರ ಮುಂಗಡ ಕೇಳಿದ. ಎಣಿಸಿ ಕೊಟ್ಟೆ. ಅದೇ ಗಲ್ಲಾ.

ಮರುದಿನ ಅವಳು ಬರಲಿಲ್ಲ. ಮೂರ್ನಾಲ್ಕು ತಿಂಗಳ ಮೇಲೆ ಸಂತೆಯಲ್ಲಿ ಕಂಡಳು, ಜೊತೆಯಲ್ಲಿ ಮಗು ಇರಲಿಲ್ಲ. ಮನೆಯಲ್ಲಿ ಬಿಟ್ಟು ಬಂದಿರಬಹುದು, ಸಂತೆಗೆ ಎಲ್ಲರೂ ಮಕ್ಕಳನ್ನು ಕರೆತರುತ್ತಾರೆಯೇ ಎಂದುಕೊಂಡು ಮೆಣಸಿನಕಾಯಿ ಆರಿಸುತ್ತ ನಿಂತೆ. ನಾಲ್ಕು ಹೆಜ್ಜೆ ಹೋಗಿ ಕೇಳಿದ್ದರೆ ಆಗುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಆ ನಾಲ್ಕು ಹೆಜ್ಜೆ ಹಾಗೇ ಉಳಿದಿವೆ. ಮಗು ಗಂಡೋ ಹೆಣ್ಣೋ, ಅದೂ ನನಗೆ ಗೊತ್ತಿಲ್ಲ. ಅವಳ ಹೆಸರೂ ಗೊತ್ತಿಲ್ಲ. ಒಂಬತ್ತು ವರ್ಷ ಅವಳು ತಂದ ಸೌದೆಯಲ್ಲಿ ನನ್ನ ಒಲೆ ಉರಿಯಿತು, ಹೆಸರು ಕೇಳಿರಲಿಲ್ಲ. ಗೌಳಿಗನ ಎಮ್ಮೆಗಳ ಹೆಸರು ಕೇಳು, ಈಗಲೂ ಹೇಳುತ್ತೇನೆ.

‘ಗೌಳಿಗರು ದುಡಿದು ಮೇಲೆ ಬಂದರು, ಸಿದ್ದಿಗಳು ಇದ್ದಲ್ಲೇ ಇದ್ದಾರೆ, ಅದು ಜನದ ಗುಣ’ ಎಂದು ನಾನು ಅಂದದ್ದಕ್ಕೆ ತಾನೆ ನೀನು ಎದ್ದು ಹೋದದ್ದು. ಈಗ ಗಲ್ಲಾದವನ ಲೆಕ್ಕವನ್ನೇ ಹೇಳುತ್ತೇನೆ. ಗೌಳಿಗನಿಗೆ ನಾನು ಸಾಲ ಕೊಟ್ಟದ್ದು ಅವನ ಗುಣ ನೋಡಿ ಅಲ್ಲ, ಎಮ್ಮೆ ನೋಡಿ. ಎಮ್ಮೆ ದಿನಕ್ಕೆ ಎರಡು ಹೊತ್ತು ಹಾಲು ಕೊಡುತ್ತದೆ, ಅವನು ದಿನವೂ ನನ್ನ ಬಾಗಿಲಿಗೆ ಬರಲೇಬೇಕು. ಸೌದೆಯವಳು ತಂದದ್ದು ಅಂದೇ ಉರಿದು ಬೂದಿಯಾಗುತ್ತಿತ್ತು, ಅವಳ ಕಡೆಯಿಂದ ಹಿಡಿದುಕೊಳ್ಳಲು ನನಗೆ ಏನೂ ಇರಲಿಲ್ಲ. ಇದನ್ನೇ ನಾನು ಇಷ್ಟು ವರ್ಷ ಒಬ್ಬರ ಬುದ್ಧಿ, ಇನ್ನೊಬ್ಬರ ಸೋಮಾರಿತನ ಎಂದು ಕರೆದೆ. ಅವಳ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದರು, ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು ಎಂದು ನೀನು ಹೇಳಿದ್ದೆಯಲ್ಲ. ಗೌಳಿಗರ ಹಿರಿಯರೂ ಹೊರಗಿನಿಂದಲೇ ಬಂದವರು, ಮಹಾರಾಷ್ಟ್ರದ ಸಹ್ಯಾದ್ರಿಯ ಕಡೆಯಿಂದ, ಎಮ್ಮೆ ಹೊಡೆದುಕೊಂಡು. ಮಾರುವ ಸೊತ್ತಾಗಿ ಬಂದವರು, ಸೊತ್ತು ಹೊಡೆದುಕೊಂಡು ಬಂದವರು. ಒಂದೇ ಕಾಡಿಗೆ ಬಂದರೂ ಕೈಯಲ್ಲಿದ್ದದ್ದು ಒಂದೇ ಆಗಿರಲಿಲ್ಲ.

ನಾನು ಮೇಲೆ ಬಂದದ್ದಾದರೂ ಯಾವ ದುಡಿಮೆಯಿಂದ? ಬಳ್ಳಾರಿ, ಹೊಸಪೇಟೆ ಕಡೆಯಿಂದ ಕಾರವಾರ, ಬೇಲೆಕೇರಿಗೆ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ನಮ್ಮ ಮುಂದಿನ ರಸ್ತೆಯಲ್ಲಿ ಓಡಿದ ಕಾಲ ಅದು. ಡ್ರೈವರುಗಳಿಗೆ ಹಸಿವಾಗುತ್ತಿತ್ತು, ನಾನು ಅಲ್ಲಿದ್ದೆ. 2010ರಲ್ಲಿ ಸರಕಾರ ಅದಿರಿನ ರಫ್ತು ನಿಲ್ಲಿಸಿದ ಮೇಲೆ ನನ್ನ ದುಡಿಮೆಯ ಗುಣ ಎಷ್ಟು ಬೇಗ ಇಳಿಯಿತು ಎಂದು ನಿನ್ನ ಅವ್ವನನ್ನು ಕೇಳು.

ಹಾಗೆಂದು ಪೂರ್ತಿ ಸೋತೆ ಎಂದುಕೊಳ್ಳಬೇಡ. ನಿನ್ನ ಮೇಲೂ ನನ್ನ ತಕರಾರಿದೆ. ಸಿದ್ದಿಗಳಿಗೆ ಆದ ಅನ್ಯಾಯವನ್ನು ನೋಡಿದ ಕಣ್ಣಿನಲ್ಲಿ ನೀನು ಗೌಳಿಗರನ್ನು ಉಳ್ಳವರ ಸಾಲಿಗೆ ಸೇರಿಸಿಬಿಟ್ಟಿದ್ದೀಯ. ಅವನಿಗೆ ಕೊಟ್ಟ ಮುಂಗಡಕ್ಕೆ ನಾನು ಬಡ್ಡಿ ಹಿಡಿಯಲಿಲ್ಲ, ನಿಜ. ಲೀಟರಿಗೆ ಒಂದು ರೂಪಾಯಿ ಕಡಿಮೆ ಹಿಡಿದೆ, ವರ್ಷಗಟ್ಟಲೆ. ಡೇರಿಗೆ ಹಾಕಿದ್ದರೆ ಅವನಿಗೆ ಹೆಚ್ಚು ಸಿಗುತ್ತಿತ್ತು, ನನ್ನ ಸಾಲ ಅವನನ್ನು ಹೋಗಗೊಡಲಿಲ್ಲ. ಅವನ ಎಮ್ಮೆಗೆ ಅವನು ಹಗ್ಗ ಹಾಕಿದ್ದ, ಅವನಿಗೆ ನಾನು. ಮೂವತ್ತು ಎಮ್ಮೆ ಇದ್ದ ಕೊಟ್ಟಿಗೆಯಲ್ಲಿ ಈಗ ಆರು. ಕಾಡಿನಲ್ಲಿ ಮೇಯಲು ಬಿಡುವುದಿಲ್ಲ, ದಾಂಡೇಲಿಯ ಕಡೆ ಹುಲಿ ಸಂರಕ್ಷಿತ ಪ್ರದೇಶ ಆದ ಮೇಲಂತೂ ಅವನ ಬಂಧುಗಳಿಗೆ ಕಾಲಿಡಲೂ ಕಷ್ಟ. ಮಗ ಹುಬ್ಬಳ್ಳಿಯ ಒಂದು ಗೋದಾಮಿನಲ್ಲಿ ರಾತ್ರಿ ಕಾವಲುಗಾರ.

ಕಾಗದದ ಮಾತಿಗೆ ಬಾ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ನಮ್ಮ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಗೌಳಿಗರು ಕೇಳುತ್ತಲೇ ಇದ್ದಾರೆ, ಇನ್ನೂ ಸೇರಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೀನು ನನಗಿಂತ ಚೆನ್ನಾಗಿ ಓದಿದ್ದೀಯ: 2005ರ ಡಿಸೆಂಬರ್ 13ಕ್ಕೆ ಮೊದಲು ಭೂಮಿ ಕೈಯಲ್ಲಿತ್ತು ಎಂದು ಇಬ್ಬರೂ ತೋರಿಸಬೇಕು. ಪಟ್ಟಿಯಲ್ಲಿ ಇಲ್ಲದವರು ಅದಕ್ಕೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಕಾಡನ್ನು ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಮೇವು ಮುಗಿದರೆ ಗುಡಿಸಲು ಕಿತ್ತು ಮುಂದಿನ ಗುಡ್ಡಕ್ಕೆ ಹೋಗುತ್ತಿದ್ದವನು 1930ರ ಕಾಗದವನ್ನು ಎಲ್ಲಿಂದ ತರಬೇಕು? ಅವನ ಅಜ್ಜ ಬರೆದಿಟ್ಟದ್ದು ಎಮ್ಮೆಯ ಕಿವಿಯ ಮೇಲಿನ ಗುರುತು ಮಾತ್ರ.

ಇಷ್ಟನ್ನು ಹೇಳಿ ಗೌಳಿಗ, ಸಿದ್ದಿಗೆ ಸಿಗುವ ಮೊಟ್ಟೆ ತುಪ್ಪದ ಪೊಟ್ಟಣದ ಮೇಲೆ ಕಣ್ಣು ಹಾಕುತ್ತಾನೆ. ಸರಕಾರ ಕೊಡುವ ಆ ಪೌಷ್ಟಿಕ ಆಹಾರದ ಮಾತನ್ನೇ ನಾನು ಭಾನುವಾರ ಎತ್ತಿದ್ದು, ಅವನ ಬಾಯಿಯಿಂದ ಕೇಳಿದ್ದನ್ನೇ. ಹಾಲು ಮಾರುವವನು ಮನೆಯ ಮಕ್ಕಳಿಗೆ ತುಪ್ಪ ಹಾಕದೆ ಪೇಟೆಗೆ ತರುತ್ತಾನೆ ಎಂಬುದನ್ನು ನಾನು ಆಗ ಯೋಚಿಸಲಿಲ್ಲ. ನೀನೂ ಯೋಚಿಸಿದಂತಿಲ್ಲ, ನಿನ್ನ ಪ್ರಶ್ನಾವಳಿಯಲ್ಲಿ ಹಾಲು ಎಷ್ಟು ಮಾರುತ್ತೀರಿ ಎಂದಿದೆ, ಎಷ್ಟು ಕುಡಿಯುತ್ತೀರಿ ಎಂದು ಇಲ್ಲ. ಸೇರಿಸು.

ಬುದ್ಧಿ ಹೇಳುವುದಿಲ್ಲ ಎಂದು ನಿನ್ನ ಅವ್ವನಿಗೆ ಮಾತು ಕೊಟ್ಟು ಕೂತೆ. ಆದರೂ ಕೇಳು. ಗಂಡಸರ ಎದುರಿಗೆ ಹೆಂಗಸರನ್ನು ಪ್ರಶ್ನೆ ಕೇಳಬೇಡ, ಉತ್ತರ ಗಂಡಸರದೇ ಬರುತ್ತದೆ. ಆದಾಯ ಎಷ್ಟು ಎಂದು ನೇರವಾಗಿ ಕೇಳಬೇಡ. ಗಲ್ಲಾದವನಾದ ನಾನೇ ಯಾರಿಗೂ ನಿಜ ಹೇಳಿಲ್ಲ. ಹೋದ ವಾರ ಎಷ್ಟು ದಿನ ಕೆಲಸ ಸಿಕ್ಕಿತು, ಕೂಲಿ ಕೈಗೆ ಬಂತೋ ಹಳೆಯ ಸಾಲಕ್ಕೆ ಹೋಯಿತೋ ಎಂದು ಕೇಳು. ಅಡಿಕೆ ತೋಟದಲ್ಲಿ ದುಡಿಯುವ ಮನೆಗಳಲ್ಲಿ ಈ ಎರಡನೆಯದನ್ನು ಬಿಡಬೇಡ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ, ಎಲ್ಲರನ್ನೂ ಒಂದೇ ಕಾಲಮ್ಮಿನಲ್ಲಿ ತುಂಬಬೇಡ. ಅವರಲ್ಲಿ ಒಬ್ಬರಾದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ನಮ್ಮ ಖಾನಾವಳಿಯ ಟಿವಿಯ ಮುಂದೆ ‘ಇನ್ನೇನು, ಎಲ್ಲ ಸಿಕ್ಕಿತಲ್ಲ’ ಎಂದವರಲ್ಲಿ ನಾನೂ ಒಬ್ಬ. ಒಬ್ಬರಿಗೆ ಕುರ್ಚಿ ಸಿಕ್ಕಿದ್ದನ್ನು ಊರಿಗೆಲ್ಲ ಹಂಚಿ ಲೆಕ್ಕ ಹಾಕಿದ್ದೆ. ಮತ್ತೆ, ಉಂಬಳಕ್ಕೆ ಸುಣ್ಣ ಹೊಗೆಸೊಪ್ಪು ಇಟ್ಟುಕೋ. ಕತ್ತಲಾದ ಮೇಲೆ ಹಳ್ಳ ದಾಟಬೇಡ. ನೀನು ಒಬ್ಬಳೇ ಹೋಗುತ್ತೀಯ ಎಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ, ಆ ಭಯಕ್ಕೂ ಸಿದ್ದಿ ಗೌಳಿಗರಿಗೂ ಸಂಬಂಧವಿಲ್ಲ, ಹಳ್ಳಕ್ಕೆ ಮಾತ್ರ ಸಂಬಂಧ. ಇದನ್ನು ಬೇರೆ ಅರ್ಥ ಮಾಡಿಕೊಂಡು ಮತ್ತೆ ಜಗಳಕ್ಕೆ ಬರಬೇಡ.

ಊರಿನಲ್ಲಿ ಎಲ್ಲರ ಹತ್ತಿರವೂ ಹೇಳಿಕೊಂಡು ಬಂದಿದ್ದೇನೆ, ನನ್ನ ಮಗಳು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ ಸಂಶೋಧನೆ ಮಾಡುತ್ತಿದ್ದಾಳೆ ಎಂದು. ಏನು ಸಂಶೋಧನೆ ಎಂದು ಕೇಳಿದರೆ ‘ಕಾಡಿನ ಜನರದ್ದು’ ಎಂದು ಮಾತು ಮುಗಿಸುತ್ತಿದ್ದೆ. ಆ ಸಂಶೋಧನೆಯೊಳಗೆ ನನ್ನ ಖಾನಾವಳಿಯ ಹಿತ್ತಿಲೂ ಬರುತ್ತದೆ ಎಂದು ತಿಳಿದಿರಲಿಲ್ಲ.

ಇನ್ನೊಂದು ಮಾತು. ನೀನು ಹುಟ್ಟಿದಾಗ ಕಲಘಟಗಿಯ ಬಣ್ಣದ ತೊಟ್ಟಿಲು ಮಾಡಿಸಿದೆ. ಸಾಗವಾನಿ, ಅರಗಿನ ಬಣ್ಣ, ಸುತ್ತ ಕೃಷ್ಣನ ಚಿತ್ರ. ಮೂರು ಕಂತಿನಲ್ಲಿ ಹಣ ತೀರಿಸಿದೆ. ಬಂದವರಿಗೆಲ್ಲ ತೋರಿಸಿದೆ. ತೊಟ್ಟಿಲಿನೊಳಗೆ ಹಾಸಿದ್ದ ಕೌದಿಯನ್ನು ಯಾರಿಗೂ ತೋರಿಸಲಿಲ್ಲ. ಅದನ್ನು ಹೊಲಿದುಕೊಟ್ಟವಳು ಅವಳೇ. ನಿನ್ನ ಅವ್ವನ ಎರಡು ಹಳೆಯ ಸೀರೆ ಒಯ್ದು, ತಿಂಗಳ ಮೇಲೆ ತಂದಳು. ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುವ ಹೊಲಿಗೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂವು. ಹೂವು ಇಲ್ಲದಿದ್ದರೆ ಕೌದಿ ಬೆತ್ತಲೆ ಎಂದು ನಿನ್ನ ಅವ್ವನಿಗೆ ಹೇಳಿದಳಂತೆ. ಕೂಲಿಯಾಗಿ ಎರಡು ಸೇರು ಅಕ್ಕಿ ಕೊಟ್ಟೆ. ಅವಳು ಒಂದಿಷ್ಟು ನೂಲು ಕೈಯಿಂದ ಹಾಕಿದ್ದೇನೆ ಎಂದಳು. ಅದನ್ನೂ ಕೇಳಿಸಿಕೊಂಡಿದ್ದೆ.

ಆ ಕೌದಿಯನ್ನು ಅಟ್ಟದಿಂದ ಇಳಿಸಿದ್ದೇನೆ. ಇಲಿ ಮುಟ್ಟಿಲ್ಲ. ಒಂದು ಮೂಲೆಯ ಹೂವು ಬಿಚ್ಚಿಕೊಂಡಿದೆ. ನಿನ್ನ ಅವ್ವ ಹೊಲಿಯುತ್ತೇನೆ ಎಂದಳು, ಬೇಡ ಎಂದೆ. ಹೊಲಿಗೆ ನೋಡಿ ಯಾರ ಕೈಯದು ಎಂದು ಅವರ ಹೆಂಗಸರು ಗುರುತು ಹಿಡಿಯಬಹುದು. ಅವಳ ಎಡಗೈಯ ಕಿರುಬೆರಳು ಅರ್ಧ ಇರಲಿಲ್ಲ, ಸೌದೆ ಕಡಿಯುವಾಗ ಹೋದದ್ದು ಎಂದು ಕಾಣುತ್ತದೆ. ಇಷ್ಟೇ ನನಗೆ ಗೊತ್ತಿರುವುದು. ಸಿಕ್ಕರೆ ನನ್ನ ಪರವಾಗಿ ಏನೂ ಹೇಳಬೇಡ, ಹಣವನ್ನೂ ಕೊಡಬೇಡ. ಹೆಸರು ಕೇಳಿ ಬರೆ. ಮಗುವಿನ ಮಾತನ್ನು ಅವಳಾಗಿ ಎತ್ತಿದರೆ ಅದನ್ನೂ ಬರೆ, ಏನೇ ಇರಲಿ.

ಪ್ರಶ್ನಾವಳಿಯ ಕಟ್ಟು, ಕೌದಿ, ಶೇಂಗಾ ಚಟ್ನಿಪುಡಿ, ಇಪ್ಪತ್ತು ಕಡಕ್ ರೊಟ್ಟಿ ಒಂದೇ ಚೀಲದಲ್ಲಿ ಹಾಕಿ ಶನಿವಾರ ಬೆಳಗಿನ ಯಲ್ಲಾಪುರದ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ. ನಿಲ್ದಾಣದ ಎದುರಿನ ಹಣ್ಣಿನ ಅಂಗಡಿಯಲ್ಲಿ ಇಳಿಸಲು ಹೇಳುತ್ತೇನೆ. ಒಂದು ಪ್ರಶ್ನಾವಳಿ ಕಡಿಮೆ ಇರುತ್ತದೆ, ಹುಡುಕಬೇಡ. ಹದಿನಾಲ್ಕನೆಯದಕ್ಕೆ ಉತ್ತರ ತುಂಬಿ ನಾನೇ ಇಟ್ಟುಕೊಂಡಿದ್ದೇನೆ, ನೀನು ಬಂದಾಗ ಕೊಡುತ್ತೇನೆ.

ನಿನ್ನ ಅಪ್ಪ