ಕರಡಿ ನಾಲ್ಕು ಸಲ, ಜನ ಒಂದು ಸಲವೂ ಇಲ್ಲ

ಪ್ರೀತಿಯ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಧ್ರುವ ಪ್ರದೇಶಗಳ ಬಗ್ಗೆ ನೀನು ಬರೆದ ಪ್ರಬಂಧ ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಶ್ರಮವೂ ಕಾಣುತ್ತದೆ. ಆದರೆ ಹಿಮಕರಡಿ ನಾಲ್ಕು ಕಡೆ ಬಂದಿದೆ ಕಣೇ, ಆರ್ಕ್ಟಿಕ್‌ನಲ್ಲಿ ಬದುಕುತ್ತಿರುವ ಸುಮಾರು 40 ಲಕ್ಷ ಜನ ಒಂದು ಕಡೆಯೂ ಬಂದಿಲ್ಲ.

"ಸುಸ್ಥಿರ ಅಭಿವೃದ್ಧಿ" ಅಂತ ಪುಟಪುಟಕ್ಕೂ ಬರೆದಿದ್ದೀಯ. ಯಾರ ಅಭಿವೃದ್ಧಿ? ನಾರ್ವೆಯ ಫೋಸೆನ್ ಬಗ್ಗೆ ಓದು. ಅದು ಆರ್ಕ್ಟಿಕ್ ವೃತ್ತಕ್ಕಿಂತ ಸ್ವಲ್ಪ ಕೆಳಗಿದೆ, ಇರಲಿ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಚಳಿಗಾಲದಲ್ಲಿ ಹಿಮಸಾರಂಗ ಮೇಯಿಸುತ್ತಿದ್ದ ಗುಡ್ಡಗಳ ಮೇಲೆ 151 ಗಾಳಿಯಂತ್ರ ನಿಲ್ಲಿಸಿದರು. ಹಿಮವನ್ನು ಗೊರಸಿನಿಂದ ಕೆದಕಿ ಅಡಿಯಲ್ಲಿರುವ ಕಲ್ಲುಹೂವು ತಿನ್ನುವ ಪ್ರಾಣಿ ಅದು. ಅಷ್ಟು ದೊಡ್ಡ ರೆಕ್ಕೆಗಳು ತಿರುಗುವ ಕಡೆ ಅದು ಸುಳಿಯುವುದಿಲ್ಲ. ಮೇವು ಇದ್ದೂ ಇಲ್ಲದ ಹಾಗಾಯಿತು. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಾಮಿಗಳ ಸಂಸ್ಕೃತಿಯ ಹಕ್ಕಿಗೆ ಧಕ್ಕೆಯಾಗಿದೆ, ಪರವಾನಗಿಯೇ ಸಿಂಧುವಲ್ಲ ಅಂದಿತು. ತೀರ್ಪು ಬಂತು, ಯಂತ್ರ ಮಾತ್ರ ತಿರುಗುತ್ತಲೇ ಇತ್ತು! 500 ದಿನ ಕಾದು ಸಾಮಿ ಹುಡುಗ ಹುಡುಗಿಯರು ಸಚಿವಾಲಯದೊಳಗೆ ಹೋಗಿ ಕೂತ ಮೇಲೆ ಸರ್ಕಾರ ಕ್ಷಮೆ ಕೇಳಿತು, ಪರಿಹಾರದ ಒಪ್ಪಂದಗಳು ಮುಗಿಯುವಾಗ 2024ರ ಮಾರ್ಚ್ ಆಗಿತ್ತು. ಇದಿಷ್ಟೂ ಹಸಿರು ವಿದ್ಯುತ್ತಿಗಾಗಿ ನಡೆದದ್ದು, ನೆನಪಿಟ್ಟುಕೋ.

ಇನ್ನೊಂದು ಮಾತು. ರಷ್ಯಾದ ಆರ್ಕ್ಟಿಕ್ ನಗರ ನೊರಿಲ್ಸ್ಕ್‌ನಲ್ಲಿ 2020ರ ಮೇನಲ್ಲಿ ಟ್ಯಾಂಕ್ ಒಡೆದು ಸುಮಾರು 20,000 ಟನ್ ಡೀಸೆಲ್ ಚೆಲ್ಲಿತಲ್ಲ, ಅದಕ್ಕೆ "ನೆಲದೊಳಗಿನ ಹಿಮ ಕರಗಿದ್ದೇ ಕಾರಣ" ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀಯ. ಆ ಟ್ಯಾಂಕಿನ ಒಡೆತನದ ಕಂಪನಿಯೂ ಅದನ್ನೇ ಹೇಳಿತು. ರಷ್ಯಾದ ತನಿಖೆಯಲ್ಲಿ ಟ್ಯಾಂಕಿನ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ತಪ್ಪುಗಳೂ ಹೊರಬಂದವು. ನೆಲ ಬಿಸಿಯಾಗುತ್ತಿರುವುದು ನಿಜ, ಹಾಗಂತ ಎಲ್ಲದಕ್ಕೂ ಹವಾಮಾನದ ಮೇಲೆ ಗೂಬೆ ಕೂರಿಸಿದರೆ ತಪ್ಪು ಮಾಡಿದವರು ಆರಾಮಾಗಿ ಜಾರಿಕೊಳ್ಳುತ್ತಾರೆ.

ಆರ್ಕ್ಟಿಕ್ ದೇಶಗಳ ಸಹಕಾರ ವೇದಿಕೆಯಾದ ಆರ್ಕ್ಟಿಕ್ ಕೌನ್ಸಿಲ್ ಬಗ್ಗೆ ಬರೆದದ್ದು ಸರಿ ಇದೆ. ಆದರೆ ಎಂಟು ದೇಶಗಳ ಜೊತೆ ಮೂಲನಿವಾಸಿಗಳ ಆರು ಸಂಘಟನೆಗಳೂ ಅದೇ ಮೇಜಿನ ಸುತ್ತ ಕೂರುತ್ತವೆ ಅನ್ನುವುದನ್ನು ಸೇರಿಸು. ಅವರಿಗೆ ಮಾತಿದೆ, ವೋಟಿಲ್ಲ. ಅದನ್ನೂ ಬರಿ.

ಅಂಟಾರ್ಕ್ಟಿಕಾವನ್ನು ಬೇರೆ ಅಧ್ಯಾಯ ಮಾಡು. ಅಲ್ಲಿ ಮೂಲನಿವಾಸಿಗಳಿಲ್ಲ, ದೇಶಗಳ ನಡುವೆ 1959ರ ಅಂಟಾರ್ಕ್ಟಿಕ್ ಒಪ್ಪಂದ ಇದೆ, ಲೆಕ್ಕವೇ ಬೇರೆ. ಮತ್ತೆ, "2048ಕ್ಕೆ ಗಣಿಗಾರಿಕೆ ನಿಷೇಧ ಮುಗಿಯುತ್ತದೆ" ಅಂತ ಬರೆದಿದ್ದೀಯಲ್ಲ, ಅದು ಎಲ್ಲರೂ ಸುಮ್ನೆ ಹೇಳಿಕೊಂಡು ಬಂದ ಮಾತು. ಆ ನಿಷೇಧ ಹೇರಿದ, 1991ರಲ್ಲಿ ಸಹಿಯಾದ ಮ್ಯಾಡ್ರಿಡ್ ಪ್ರೋಟೊಕಾಲ್‌ಗೆ ಮುಕ್ತಾಯದ ದಿನಾಂಕವೇ ಇಲ್ಲ. 2048ರ ನಂತರ ಮರುಪರಿಶೀಲನೆಯ ಸಭೆ ಕೇಳಬಹುದು, ಅಷ್ಟೇ. ಮೂಲ ಪಠ್ಯ ತೆರೆದು ನೋಡು, ಜಾಸ್ತಿ ಉದ್ದವಿಲ್ಲ.

ತಿದ್ದಿ ಮತ್ತೆ ಕಳಿಸು, ಓದುತ್ತೇನೆ. ಕರಡಿ ಒಂದು ಸಲ ಬಂದರೆ ನನ್ನ ಅಭ್ಯಂತರವಿಲ್ಲ.

ನಿನ್ನ
ಮಾವ